ಜಪಾನಿನ ಹುಲ್ಲಿನ ಮನೆ

"ಹುಲ್ಲಿನ ಮನಿ ನೋಡಾಕ ಜಪಾನಿಗೆ ಹೋಗಬೇಕೇನು? ನಾ ಹುಟ್ಟಿದ್ದ ಖಾನಾಪುರದ ಹುಲ್ಲಿನ ಮನ್ಯಾಗ!" ಪಂಢರಿನಾಥ ಬಣ್ಣದ ಚಿತ್ರವನ್ನು ಮೇಜಿಗೆ ಬಡಿದ. ಮರಾಠಿ ಊರಾದ ನಿಗಡಿಯ ಪ್ರವಾಸ ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆಂಡತಿ ಇಂದೂ ತನ್ನ ಅರ್ಜಿಗೆ ಸಹಿ ಮಾಡಿ ಆಗಿತ್ತು. ಪೆನ್ನನ್ನು ಅವನತ್ತ ಚಾಚಿಕೊಂಡೇ ಕೂತಿದ್ದಳು. ಮದುವೆಯಾಗಿ ಮೂವತ್ತು ವರ್ಷಕ್ಕೆ ಅವಳು ಬಾಯಿಬಿಟ್ಟು ಕೇಳಿದ ಮೊದಲ ಪ್ರವಾಸ ಇದು.

"ಕಾಕಾ, ಆ ಗುಡ್ಡದೂರಲ್ಲಿ ಆಳೆತ್ತರ ಹಿಮ ಬೀಳುತ್ತೆ. ಆದರೂ ಮನೆ ಕುಸಿಯಲ್ಲ," ಎಂದಳು ಕಚೇರಿಯ ಮುಕ್ತಾ, ಮರಾಠಿಯಲ್ಲಿ.

"ಸುಳ್ಳ!" ಎನ್ನುತ್ತ ಅವನು ಚಿತ್ರವನ್ನು ಮತ್ತೆ ಎತ್ತಿಕೊಂಡ. ಕನ್ನಡಕ ಹಣೆಗೇರಿಸಿ ದಿಟ್ಟಿಸಿದ. "ಇಳಿಜಾರು ಭಾಳ ಅದ. ಮಳಿ ನೀರು ಇಳಿಯಾಕ ನಮ್ಮಪ್ಪ ಇಷ್ಟ ಇಳಿಜಾರು ಕೊಡತಿದ್ದ. ಇವರು ನೋಡು, ಹಿಂಗ!" ಎರಡೂ ಕೈ ಎತ್ತಿ ಬೆರಳ ತುದಿ ಜೋಡಿಸಿ ತೋರಿಸಿದ. "ಮೊಳಿ ಹೊಡೀತಾರೇನು?"

"ಇಲ್ಲ ಕಾಕಾ, ಹಗ್ಗ ಬಿಗಿಯುತ್ತಾರೆ. ಹುಲ್ಲು ಹೊದಿಸಲು ಇಡೀ ಊರೇ ಚಾವಣಿ ಹತ್ತುತ್ತದೆ. ನೀವು ಕೈ ಜೋಡಿಸಿದ ಹಾಗೇ ಕಾಣುತ್ತವಲ್ಲ, ಅವಕ್ಕೆ ಕೈಮುಗಿದ ಮನೆ ಅಂತಲೇ ಹೆಸರು."

"ಗಂಟು ಎಂಥಾದ್ದು ಹಾಕತಾರ?"

ಮುಕ್ತಾ ಚಿತ್ರದ ಹಿಂಬದಿ ತಿರುಗಿಸಿ ಹುಡುಕಿದಳು; ಗಂಟಿನ ವಿಷಯ ಅಲ್ಲಿರಲಿಲ್ಲ.

"ಕೈ ಮುಗದದ್ದು ಆತು. ಗಂಟಿನ ಸುದ್ದಿ ಅಲ್ಲೇ ಹೋಗಿ ಕೇಳ್ರಿ," ಎಂದು ಇಂದೂ, ಇನ್ನೂ ಜೋಡಿಸಿಕೊಂಡೇ ಇದ್ದ ಅವನ ಅಂಗೈಗಳ ನಡುವೆ ಪೆನ್ನು ತೂರಿಸಿದಳು.

"ಗಂಟು ಸರಿ ಇರಲಿಲ್ಲಂದ್ರ ನಾನೇ ಬಿಚ್ಚಿ ಕಟ್ಟಾವ, ಈಗೇ ಹೇಳಿರತೇನಿ!" ಎಂದು ಗದರುತ್ತಲೇ ಪಂಢರಿನಾಥ ಸಹಿ ಹಾಕಿದ.