ಉರಿ ಹೊತ್ತವಳು

ಮಗಳು ಶಿವಲೀಲಾಳ ಮೈಯ ಉರಿಯೂತವನ್ನು ನೀಲವ್ವ ಬೆಳಿಗ್ಗೆ, ಆಸ್ಪತ್ರೆಯ ಮಕ್ಕಳ ಕ್ಯಾನ್ಸರ್ ವಾರ್ಡಿನ ಉಳಿದ ತಾಯಂದಿರಂತೆ, ಅಂಗೈಗೆ ಅಂಗೈ ಹಚ್ಚಿ ತನ್ನ ಮೈಗೆ ಇಳಿಸಿಕೊಂಡಿದ್ದಳು. ಉರಿಯನ್ನೇ ಉಂಡು ಬೆಳೆಯುವ ಗಡ್ಡೆ, ಅದು ಸಿಗದಿದ್ದರೆ ಸೊರಗುತ್ತದೆ. ಆದರೆ ಗಡ್ಡೆ ಕರಗುವವರೆಗೆ ಮಗುವನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಉರಿ ಅದರ ಮೈಗೇ ಮರಳುತ್ತದೆ.

ಸಂಜೆ ಮಂಚದ ಪಕ್ಕ ಕುಳಿತು, ಕೆಂಡದಂಥ ಮೈಯಲ್ಲೇ ಅವಳು ದೇವರ ಪದ್ಯ ಶುರುಮಾಡಿದಳು. ಎರಡನೆಯ ಸಾಲಿಗೆ, ದಿನದ ರೂಢಿಯಂತೆ ತಾಳ ತಟ್ಟಲು, ಕೈ ತಾನಾಗಿ ಮಗಳ ಬೆನ್ನಿನತ್ತ ಚಾಚಿಕೊಂಡಿತು.

"ಅಕ್ಕಾರ, ಕೈ ಹಿಂದಕ್ಕ ತಗೀರಿ!" ನರ್ಸ್ ಚೀರಿದಳು.

ನೀಲವ್ವ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಳು. ಹಾಡು ನಿಂತಿತು.

"ಯಾಕ ನಿಲ್ಲಿಸ್ದಿ, ಯವ್ವಾ?"

"ತಾಳ ಇಲ್ದ ಹಾಡು ಬರವಲ್ದು, ಕೂಸ."

"ನೀ ಹಾಡು, ನಾ ತಟ್ಕೋತೀನಿ," ಎಂದು ಮಗ್ಗುಲಾದ ಶಿವಲೀಲಾ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳತೊಡಗಿದಳು. ಕೈ ಅರ್ಧಕ್ಕಷ್ಟೇ ಎಟುಕುತ್ತಿತ್ತು.