ನಾಲ್ಕನೇ ರಜಾ ಚೀಟಿ

ಶಾಲೆಯ ನಿಯಮಗಳ ಹಾಳೆಯನ್ನು ಯಾವ ಪಾಲಕರೂ ಓದುವುದಿಲ್ಲ. ಈ ತಂದೆ ಓದಿದ್ದ. ಏಳು ದಿನ ರಜಾ ಚೀಟಿ ಬಾರದಿದ್ದರೆ ಹಾಜರಿ ಪುಸ್ತಕದಿಂದ ಮಗುವಿನ ಹೆಸರು ತೆಗೆಯುತ್ತಾರೆ ಎಂದು ಅದರಲ್ಲಿತ್ತು. ಹಾಗಾಗಿ ಪ್ರತಿ ಸೋಮವಾರ ಒಂದನೇ ತರಗತಿಯ ಬಾಗಿಲಲ್ಲಿ ಚೀಟಿ ಹಿಡಿದು ನಿಲ್ಲುತ್ತಿದ್ದ.

ನಾಲ್ಕನೇ ಸೋಮವಾರ ಟೀಚರ್ ನಕ್ಕರು. "ಏನ್ರೀ, ಮಗಳಿಗಿಂತ ನಿಮ್ಮದೇ ಹಾಜರಿ ಜಾಸ್ತಿ ಆಯ್ತಲ್ಲ!"

ಅವನೂ ನಗಲು ನೋಡಿದ.

"ಬರೀ 'ಹುಷಾರಿಲ್ಲ' ಅಂತ ಬರೆದ್ರೆ ಇನ್ಮೇಲೆ ನಡೆಯಲ್ಲ. ಆಸ್ಪತ್ರೆಯವರು ಸರ್ಟಿಫಿಕೇಟ್ ಕೊಟ್ಟಿಲ್ವಾ?"

"ಕೊಟ್ಟಿದ್ದಾರೆ ಮೇಡಂ. ಜೇಬಲ್ಲೇ ಇದೆ."

"ಹಾಗಿದ್ರೆ ಕೊಡಿ. ಪ್ರತಿ ವಾರ ಓಡಾಡೋದಾದ್ರೂ ತಪ್ಪುತ್ತೆ."

"ಕೊಟ್ರೆ ನೀವು ಬೆಳಿಗ್ಗೆ ಮೃದುಲಾ ಹೆಸರು ಕೂಗೋದು ನಿಲ್ಲಿಸಿಬಿಡ್ತೀರಿ," ಎಂದ ಅವನು. "ಅದರಲ್ಲಿ ಅವಳು ತೀರಿಕೊಂಡ ತಾರೀಖಿದೆ."