ಮೆಟ್ಟಿಲಿರುವ ದೋಣಿ

ದೋಣಿಯ ದಲ್ಲಾಳಿ ಒಪ್ಪಂದದ ಹಾಳೆ ಬಿಡಿಸಿ ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ, ಹಲ್ಲಿನ ಡಾಕ್ಟರ ಹೆಂಡತಿ, "ಸ್ವಲ್ಪ ತಾಳಿ, ನನ್ನದೊಂದು ಕೆಲಸ ಬಾಕಿ ಇದೆ," ಎಂದು ಮೂಲೆಯಲ್ಲಿದ್ದ ಬಕೆಟ್ಟನ್ನು ಕಾಲಿನಿಂದ ಹತ್ತಿರಕ್ಕೆಳೆದುಕೊಂಡಳು.

ಬೆಳಗಿನಿಂದ ಮೂವರೂ ನೀರಿನ ಮೇಲೆಯೇ ಇದ್ದರು. ಯಾರೋ ಬಳಸಿ ಮಾರಾಟಕ್ಕಿಟ್ಟ ಎರಡು ಹಾಯಿದೋಣಿಗಳಲ್ಲಿ ಇದು ಎರಡನೆಯದು. ಮೊದಲಿನದು ಅಗಲ ಹೊಟ್ಟೆಯ ಭಾರದ ದೋಣಿ. ಒಳಗೆ ನೆಟ್ಟಗೆ ನಿಂತು ಅಡುಗೆ ಮಾಡಬಹುದು, ಹಿಂಭಾಗದಲ್ಲಿ ನೀರಿಗಿಳಿಯಲು ಮೆಟ್ಟಿಲು. "ಎಮ್ಮೆ," ಎಂದು ಗಂಡ ಒಂದೇ ಮಾತಿನಲ್ಲಿ ಮುಗಿಸಿದ್ದ. "ಮೆಟ್ಟಿಲು ಬೇರೆ ಕೇಡು. ಬಟ್ಟೆ ಒಗೆಯೋಕೆ ಹೋಗ್ತಿದೀವಾ?" ಇದಾದರೆ ಸಪೂರ ಮೈಯದು, ಬದಿ ಎತ್ತರದ್ದು; ಗಾಳಿ ಸುಳಿದರೆ ಸಾಕು, ಓಡುತ್ತಿತ್ತು. ರಜೆಯಲ್ಲಿ ದ್ವೀಪ ಸುತ್ತಲು, ಭಾನುವಾರ ಕ್ಲಬ್ಬಿನ ಪಂದ್ಯಕ್ಕೆ, ಎರಡಕ್ಕೂ ಒಂದೇ ದೋಣಿ ಸಾಕೆಂದು ಮನೆಯಲ್ಲಿ ಮಾತಾಗಿತ್ತು. ಆದರೆ ಅವನ ಕಣ್ಣೆಲ್ಲ ಭಾನುವಾರದ ಮೇಲೆ.

"ಏನೇ ಅದು, ನೀರು ಸೇದ್ತೀಯಾ?"

ಅವಳು ಬಕೆಟ್ಟಿನ ಹಿಡಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಗೆ ರಬ್ಬರಿನ ತೇಲುಗುಂಡು ಬಿಗಿದಳು. ಗಂಡನ ತಲೆಯಿಂದ ಟೋಪಿ ತೆಗೆದು ತೇಲುಗುಂಡಿಗೆ ತೊಡಿಸಿ, ಎಲ್ಲವನ್ನೂ ನೀರಿಗೆಸೆದಳು. ಬಕೆಟ್ಟು ತುಂಬಿ ಮುಳುಗಿತು. ಟೋಪಿ ಮೇಲೆ ಕುಣಿಯತೊಡಗಿತು.

"ಇದು ನೀವು. ಬಿದ್ದಿದ್ದೀರಿ."

"ನಾನ್ಯಾಕೆ ಬೀಳ್ಲಿ? ಇಷ್ಟು ವರ್ಷದಲ್ಲಿ ಒಂದು ಸಲ ಬಿದ್ದಿದೀನಾ?"

"ಬೀಳೋರೆಲ್ಲ ಮೊದಲನೇ ಸಲದಿಂದಾನೇ ಶುರು ಮಾಡೋದು. ಸರಿದು ಕೂತ್ಕೊಳ್ಳಿ." ಚುಕ್ಕಾಣಿ ಹಿಡಿದು ದಲ್ಲಾಳಿಯತ್ತ ತಿರುಗಿದಳು. "ನೀವು ಟೋಪಿ ಕಡೆ ಬೆರಳು ತೋರಿಸ್ತಾ ನಿಂತಿರಿ. ಏನೇ ಆದ್ರೂ ಇಳಿಸಬೇಡಿ. ಕಣ್ಣು ತಪ್ಪಿದ್ರೆ ಮನುಷ್ಯ ಸಿಗಲ್ಲ."

ಇಷ್ಟು ಹೇಳುವುದರೊಳಗೆ ಟೋಪಿ ಅಂಗಿಯ ಗುಂಡಿಯಷ್ಟಾಗಿತ್ತು. ನಡುವೆ ಒಂದು ಅಲೆ ಎದ್ದರೆ ಅದೂ ಇಲ್ಲ. ಅವಳು ದೋಣಿ ತಿರುಗಿಸಿದಳು. ಅದು ಬಿಟ್ಟ ಬಾಣದ ಹಾಗೆ ನುಗ್ಗಿತು.

"ಹಾಯಿ ಸಡಿಲ ಬಿಡೇ, ಸಡಿಲ ಬಿಡು."

"ನೀವು ನೀರಲ್ಲಿದ್ದೀರಿ. ಮಾತಾಡಬೇಡಿ."

ದಲ್ಲಾಳಿ ನಕ್ಕ. ಮರುಕ್ಷಣ ನೆನಪಾಗಿ ತೋಳನ್ನು ಇನ್ನಷ್ಟು ನೆಟ್ಟಗೆ ಮಾಡಿದ. ಮೊದಲ ಸಲ ವೇಗ ಹೆಚ್ಚಾಗಿ ಟೋಪಿ ಪಕ್ಕದಲ್ಲೇ ಹಾದುಹೋಯಿತು. ಎರಡನೇ ಸಲ ಅವಳು ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿದಳು. ಹಾಯಿ ಪಟಪಟ ಬಡಿದು ಓಟ ಸತ್ತಿತು. ಹೊಟ್ಟೆಯ ಮೇಲೆ ಮಲಗಿ ಕೊಕ್ಕೆಕೋಲಿನಿಂದ ಹಗ್ಗ ಹಿಡಿದಳು. ತುಂಬಿದ ಬಕೆಟ್ಟು ಆ ಎತ್ತರದ ಬದಿಯನ್ನು ಹತ್ತಲೊಲ್ಲದು. ಅರ್ಧಕ್ಕೆ ಬಂದು ಮತ್ತೆ ಜಾರಿತು. ಮೊಣಕಾಲು ಊರಿ, ಕತ್ತಿನ ನರ ಉಬ್ಬಿಸಿ, ಕೊನೆಗೂ ಒಳಗೆ ಉರುಳಿಸಿಕೊಂಡಳು. ನೀರೆಲ್ಲ ಅವಳ ಮೇಲೆಯೇ ಸುರಿಯಿತು. ಒದ್ದೆ ಟೋಪಿಯನ್ನು ಗಂಡನ ತಲೆಗಿಟ್ಟು, "ಬದುಕಿದಿರಿ," ಎಂದಳು.

"ಹೊಟ್ಟೆ ತುಂಬ ನೀರು ಕುಡಿದ ಮೇಲೆ," ಎಂದ ಅವನು. ಹಣೆಯಿಂದಿಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳಲಿಲ್ಲ.

ಅವಳು ಕುತ್ತಿಗೆಯ ಕೆಂಪು ಸ್ಕಾರ್ಫ್ ಬಿಚ್ಚಿ ತೇಲುಗುಂಡಿಗೆ ಸುತ್ತಿ, ಬಕೆಟ್ಟಿನ ಸಮೇತ ಮತ್ತೆ ಎಸೆದಳು. "ಈಗ ನಾನು."

"ತಲೆ ನರೆಯೋವರೆಗೆ ಪಂದ್ಯ ಆಡಿದವನಿಗೆ ಪರೀಕ್ಷೆನಾ?"

"ಬೇಗ ಬನ್ನಿ. ನೀರು ತಣ್ಣಗಿದೆ."

ಅವನು ಚುಕ್ಕಾಣಿ ಹಿಡಿದು ಬಂದ. ಆತುರವಿಲ್ಲ, ಕೂಗಾಟವಿಲ್ಲ, ಒಂದೇ ಸುತ್ತು. ಕರು ತಾಯಿಯ ಮಗ್ಗುಲಿಗೆ ಬಂದು ನಿಂತಂತೆ ದೋಣಿ ಸ್ಕಾರ್ಫಿನ ಪಕ್ಕ ಬಂದು ನಿಂತಿತು. ಕೋಲೂ ಬೇಕಾಗಲಿಲ್ಲ. ಬಗ್ಗಿ ಬಲಗೈಯಲ್ಲಿ ಹಗ್ಗ ಹಿಡಿದು ಎಳೆದ. ಬಕೆಟ್ಟು ನೀರಿನಿಂದ ಒಂದು ಗೇಣು ಮೇಲೆದ್ದು ನಿಂತಿತು. ಊರಿನ ಅರ್ಧ ಜನರ ಹಲ್ಲು ಕಿತ್ತ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳತೊಡಗಿದವು. ಬೇರೆಯವರ ಕೈಯನ್ನು ನೋಡುವಂತೆ ಅವನು ನೋಡಿದ. ಎಡಗೈ ತರುವಷ್ಟರಲ್ಲಿ ಹಗ್ಗ ಹೋಗಿತ್ತು.

ಹೋದ ವರ್ಷ ಅವನು ಕ್ಲಿನಿಕ್ ಮುಚ್ಚಿದಾಗ, ಊರವರ ಬಾಯಿ ನೋಡಿ ನೋಡಿ ಸಾಕಾಯಿತು ಎಂದಿದ್ದ. ಅವಳೂ ಎಲ್ಲರಿಗೂ ಅದನ್ನೇ ಹೇಳಿದ್ದಳು. ಮನೆಯಲ್ಲಿ ಡಬ್ಬಿಗಳ ಮುಚ್ಚಳವನ್ನು ಅವಳು ಮೊದಲೇ ಸಡಿಲಿಸಿಡುತ್ತಿದ್ದಳು. ಆ ಬಗ್ಗೆ ಇಬ್ಬರೂ ಮಾತೆತ್ತಿರಲಿಲ್ಲ.

"ಹಗ್ಗಕ್ಕೆ ಪಾಚಿ ಹಿಡಿದಿದೆ," ಎಂದ.

"ಹೊಸ ಹಗ್ಗ, ಡಾಕ್ಟ್ರೇ," ಎಂದ ದಲ್ಲಾಳಿ, ಅವಳ ಮುಖ ನೋಡಿ ಬಾಯಿ ಮುಚ್ಚಿದ.

"ಹೇಗೂ ನೀನು ಬೀಳೋಳಲ್ಲ ಬಿಡು."

"ಬಿದ್ದಿದೀನಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಹಾಯಿ ಬಡಿಯುತ್ತಲೇ ಇತ್ತು. ಅವನು ಬಲಗೈಯನ್ನು ತೊಡೆಯ ಮೇಲಿಟ್ಟು ಎಡಗೈಯಿಂದ ನಿಧಾನವಾಗಿ ಹಿಸುಕಿಕೊಂಡ. ಅವಳೆದುರು ಹಾಗೆ ಮಾಡಿದ್ದು ಅದೇ ಮೊದಲು. ಆಮೇಲೆ ಅವಳತ್ತ ನೋಡದೆ ದಲ್ಲಾಳಿಯನ್ನು ಕೇಳಿದ:

"ಆ ಎಮ್ಮೆ ಇತ್ತಲ್ಲ. ಅದರ ಮೆಟ್ಟಿಲು ನೀರೊಳಗೆ ಎಷ್ಟು ಇಳಿಯುತ್ತೆ?"

"ಬಿದ್ದೋರು ತಾವೇ ಹತ್ತಿ ಬರಬಹುದು ಡಾಕ್ಟ್ರೇ, ಯಾರೂ ಎಳೀಬೇಕಾಗಿಲ್ಲ. ನೋಡಿ, ಇಲ್ಲಿವರೆಗೆ..." ದಲ್ಲಾಳಿ ಸ್ಕಾರ್ಫಿನತ್ತ ಚಾಚಿಕೊಂಡೇ ಇದ್ದ ಕೈಯನ್ನು ಮೊಣಕಾಲು ತೋರಿಸಲು ಹುರುಪಿನಿಂದ ಇಳಿಸಿದ.

"ಬೆರಳು ಇಳಿಸಬೇಡಿ," ಎಂದಳು ಹೆಂಡತಿ. "ನಾನಿನ್ನೂ ನೀರಲ್ಲೇ ಇದೀನಿ."